ಬಿಸಿಲಿನ ಋಣ

ಮದ್ದೂರು ತಾಲ್ಲೂಕಿನ ಬೆಸಗರಹಳ್ಳಿ ನಮ್ಮ ಹುಟ್ಟೂರು. ಕನ್ನಡ ಓದುಗರಿಗೆ ಈ ಹೆಸರು ಅಪರಿಚಿತವಲ್ಲ. ವೃತ್ತಿಯಿಂದ ವೈದ್ಯರಾಗಿದ್ದುಕೊಂಡೇ ಮಂಡ್ಯ ಸೀಮೆಯ ಬಡವರ ಬದುಕನ್ನು ಕಥೆಗಳಾಗಿಸಿದ ಡಾ. ಬೆಸಗರಹಳ್ಳಿ ರಾಮಣ್ಣನವರು (1938–1998) ತಮ್ಮ ಹೆಸರಿನೊಡನೆ ಊರಿನ ಹೆಸರನ್ನೂ ನಾಡಿನ ತುಂಬ ಕೊಂಡೊಯ್ದರು. ನಾವಾದರೋ ಹನ್ನೊಂದನೆಯ ವಯಸ್ಸಿನಲ್ಲಿಯೇ ಊರು ಬಿಟ್ಟು ಮಠದ ಸಂಸ್ಕೃತ ಪಾಠಶಾಲೆಯನ್ನು ಸೇರಿದವರು. ಹೊಲಗದ್ದೆಗಳ ಹೊಣೆಯನ್ನು ನಮ್ಮ ಅಣ್ಣನವರು ಹೊತ್ತರು. ಅವರು ಬಿಸಿಲಿನಲ್ಲಿ ದುಡಿದರು. ಆ ದುಡಿಮೆಯ ಬಲದಿಂದ ನಾವು ನೆರಳಿನಲ್ಲಿ ಕುಳಿತು ಓದಿದೆವು. ಈ ಮಾತನ್ನು ಅವರು ಎಂದೂ ಆಡಿದವರಲ್ಲ. ನಾವು ಎಂದೂ ಮರೆತವರಲ್ಲ.

2022ರ ಮಳೆಗಾಲದ ಒಂದು ಮಧ್ಯಾಹ್ನ, ಆಗ 69 ವರ್ಷದವರಾಗಿದ್ದ ಅಣ್ಣನವರು ಮನೆಯ ಪಡಸಾಲೆಯಲ್ಲಿ ಒಂದು ರಕ್ತಪರೀಕ್ಷೆಯ ವರದಿಯನ್ನು ನಮ್ಮ ಕೈಗಿತ್ತರು. ದೊಡ್ಡ ಕರುಳಿನ ಕ್ಯಾನ್ಸರಿಗೆ ಶಸ್ತ್ರಚಿಕಿತ್ಸೆಯಾಗಿ ಮೂರು ತಿಂಗಳು ಕಳೆದಿತ್ತು. ಕೀಮೋಥೆರಪಿ ನಡೆಯುತ್ತಿತ್ತು. ವರದಿಯ ಒಂದು ಸಾಲಿನಲ್ಲಿ ‘ಡಿ’ ಜೀವಸತ್ವದ ಪ್ರಮಾಣ ಒಂದು ಮಿಲಿಲೀಟರು ರಕ್ತದಲ್ಲಿ 9 ನ್ಯಾನೋಗ್ರಾಮ್ ಎಂದಿತ್ತು. 20ಕ್ಕಿಂತ ಕಡಿಮೆಯಾದರೆ ಕೊರತೆ ಎಂದು ಅದರ ಪಕ್ಕದಲ್ಲಿಯೇ ಅಚ್ಚಾಗಿತ್ತು. ಈ ಜೀವಸತ್ವ ಬಿಸಿಲಿನಿಂದ ಬರತಕ್ಕದ್ದೆಂದು ನಾವು ವಿವರಿಸಿದಾಗ ಅಣ್ಣನವರು ನಕ್ಕುಬಿಟ್ಟರು.

“ನಾ ಹುಟ್ದಾರಭ್ಯ ಬಿಸ್ಲಲ್ಲೇ ಬೆಂದೋನು ಕಣಪ್ಪ. ನಂಗೇ ಬಿಸ್ಲು ಸಾಲ್ದು ಅಂತ ಬರ್ದವ್ರಲ್ಲ, ಇದೇನ್ ಸೋಜಿಗ?”

ಆ ಪ್ರಶ್ನೆಗೆ ಅಂದು ನಮ್ಮಲ್ಲಿ ಉತ್ತರವಿರಲಿಲ್ಲ. ಉತ್ತರವನ್ನು ಹುಡುಕುತ್ತ ಹೋದಾಗ ಕಲಿತದ್ದನ್ನೂ ನಡುವೆ ಎಸಗಿದ ಎರಡು ತಪ್ಪುಗಳನ್ನೂ ಈ ಪತ್ರಿಕೆಯ ಕುಟುಂಬಗಳ ಮುಂದೆ ಇಡುವುದು ನಮ್ಮ ಕರ್ತವ್ಯವೆಂದು ಭಾವಿಸಿದ್ದೇವೆ.

ಮೊದಲನೆಯ ತಪ್ಪು ಕಾಯಿಲೆ ಪತ್ತೆಯಾಗುವುದಕ್ಕೂ ಹಿಂದಿನದು. 2021ರಲ್ಲಿ ಅಣ್ಣನವರಿಗೆ ಮಲದಲ್ಲಿ ರಕ್ತ ಕಾಣಿಸಿಕೊಂಡಿತು. ಸಂಕೋಚದ ಸ್ವಭಾವದವರಾದ ಅವರು ಯಾರಿಗೂ ಹೇಳದೆ ನಮಗೊಬ್ಬರಿಗೆ ಹೇಳಿದರು. ಪಾಠಶಾಲೆಯಲ್ಲಿದ್ದಾಗ ನಾವು ಆಯುರ್ವೇದದ ಒಂದೆರಡು ಗ್ರಂಥಗಳನ್ನು ಓದಿದ್ದೆವು. ಆ ಅರೆ ಓದಿನ ಧೈರ್ಯದಿಂದ, “ಇದು ಮೂಲವ್ಯಾಧಿ. ಖಾರ ಬಿಡಿ, ಮಜ್ಜಿಗೆ ಹೆಚ್ಚು ಕುಡಿಯಿರಿ” ಎಂದು ಹೇಳಿ ಒಂದು ಕಷಾಯವನ್ನೂ ಸೂಚಿಸಿದೆವು. ಓದಿದ ತಮ್ಮ ಹೇಳಿದನೆಂಬ ಒಂದೇ ಕಾರಣಕ್ಕೆ ಅಣ್ಣನವರು ಹನ್ನೊಂದು ತಿಂಗಳು ಆ ಕಷಾಯವನ್ನು ಕುಡಿದರು. ಕೊನೆಗೆ ಗದ್ದೆಯ ಬದುವನ್ನು ಹತ್ತುವಾಗಲೂ ಏದುಸಿರು ಬರತೊಡಗಿತು. ಮಂಡ್ಯದಲ್ಲಿ ರಕ್ತವನ್ನು ಪರೀಕ್ಷಿಸಿದ ವೈದ್ಯರು, ಈ ವಯಸ್ಸಿನ ಗಂಡಸಿನಲ್ಲಿ ರಕ್ತ ಇಷ್ಟು ಇಳಿದಿದ್ದರೆ ಅದು ಎಲ್ಲಿಂದ ಸೋರುತ್ತಿದೆ ಎಂಬುದನ್ನು ನೋಡಲೇಬೇಕೆಂದರು. ಕೊಲೊನೋಸ್ಕೋಪಿ ಆಯಿತು. ದೊಡ್ಡ ಕರುಳಿನ ಕೊನೆಯ ಭಾಗದಲ್ಲಿ ಗಡ್ಡೆ ಇತ್ತು. ಬೆಂಗಳೂರಿನಲ್ಲಿ ಶಸ್ತ್ರಚಿಕಿತ್ಸೆ ಮಾಡಿದಾಗ, ಹತ್ತಿರದ ದುಗ್ಧಗ್ರಂಥಿಗಳಿಗೂ ರೋಗ ಹಬ್ಬಿರುವುದು ತಿಳಿಯಿತು. ಅಂದರೆ ಮೂರನೆಯ ಹಂತ. ಹನ್ನೊಂದು ತಿಂಗಳು ಮೊದಲೇ ನೋಡಿದ್ದರೆ ಯಾವ ಹಂತವಿರುತ್ತಿತ್ತೆಂದು ನಾವು ವೈದ್ಯರನ್ನು ಕೇಳಲಿಲ್ಲ. ಕೇಳುವ ಧೈರ್ಯ ಇರಲಿಲ್ಲ.

ಈ ರೋಗದ ವಿಚಾರದಲ್ಲಿ ನಮ್ಮ ಕುಟುಂಬಗಳಲ್ಲಿ ಒಂದು ತಪ್ಪು ಸಮಾಧಾನವಿದೆ. ಇದು ಮಾಂಸಾಹಾರಿಗಳ, ಪಾಶ್ಚಾತ್ಯರ ಕಾಯಿಲೆ, ಸೊಪ್ಪುಸದೆ, ರಾಗಿಮುದ್ದೆ ತಿನ್ನುವ ನಮಗೆ ಬಾರದು ಎಂಬ ಭಾವನೆ. ಪಶ್ಚಿಮದಲ್ಲಿ ಇದು ಹೆಚ್ಚು, ನಮ್ಮಲ್ಲಿ ಕಡಿಮೆ ಎಂಬುದು ನಿಜ. ಕಡಿಮೆ ಎಂದರೆ ಇಲ್ಲವೆಂದು ಅರ್ಥವಲ್ಲ. ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 19 ಲಕ್ಷ ಜನರಲ್ಲಿ, ಭಾರತದಲ್ಲಿ 60 ಸಾವಿರಕ್ಕೂ ಹೆಚ್ಚು ಜನರಲ್ಲಿ ಇದು ಹೊಸದಾಗಿ ಕಾಣಿಸಿಕೊಳ್ಳುತ್ತದೆಂದು ಅಂದಾಜು. 1973ರಲ್ಲಿ ಆರಂಭವಾದ ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಯ ಆವರಣದಲ್ಲಿ ಒಂದು ಬೆಳಿಗ್ಗೆ ಕುಳಿತು ನೋಡಿದರೆ ಸಾಕು, ಮುದ್ದೆ ತಿಂದು ಬೆಳೆದ ನಮ್ಮ ಜಿಲ್ಲೆಗಳ ಎಷ್ಟೋ ಮುಖಗಳು ಕಾಣುತ್ತವೆ.

ಇನ್ನು ಬಿಸಿಲಿನ ವಿಚಾರ. ‘ಡಿ’ ಜೀವಸತ್ವವೆಂಬುದು ಹೆಸರಿಗೆ ಮಾತ್ರ ಜೀವಸತ್ವ. ಮಿಕ್ಕವು ಮುಖ್ಯವಾಗಿ ಆಹಾರದಿಂದ ಬರುವಂಥವು. ಇದನ್ನು ದೇಹ ತಾನೇ ತಯಾರಿಸಿಕೊಳ್ಳುತ್ತದೆ. ಚರ್ಮದಲ್ಲಿರುವ ಕೊಬ್ಬಿನ ಜಾತಿಯ ಒಂದು ಪದಾರ್ಥದ ಮೇಲೆ ಸೂರ್ಯನ ಅತಿನೇರಳೆ ಕಿರಣ ಬಿದ್ದಾಗ ಅದು ಈ ಸತ್ವವಾಗಿ ಮಾರ್ಪಡುತ್ತದೆ. ಯಕೃತ್ತಿನಲ್ಲಿ ಒಮ್ಮೆ, ಮೂತ್ರಪಿಂಡದಲ್ಲಿ ಮತ್ತೊಮ್ಮೆ ಸಂಸ್ಕಾರ ಪಡೆದು ಕಾರ್ಯಶಕ್ತವಾಗುತ್ತದೆ. ಸುಣ್ಣದ ಸತ್ವವನ್ನು ಕರುಳಿನಿಂದ ಹೀರಿ ಮೂಳೆಗೆ ಸೇರಿಸುವುದು ಇದರ ಮುಖ್ಯ ಕಾರ್ಯ. ರಾಗಿಯಲ್ಲಿ ಕ್ಯಾಲ್ಸಿಯಂ ಹೇರಳವಾಗಿದೆ. ಆದರೆ ‘ಡಿ’ ಇಲ್ಲ. ಮೀನು, ಮೊಟ್ಟೆಯ ಹಳದಿಗಳನ್ನು ಬಿಟ್ಟರೆ ಆಹಾರದಲ್ಲಿ ಅದು ಅತ್ಯಲ್ಪ. ಆದುದರಿಂದ ಸಸ್ಯಾಹಾರಿಗಳಾದ ನಮ್ಮಂಥ ಕುಟುಂಬಗಳಿಗೆ ಬಿಸಿಲೇ ದೊಡ್ಡ ಭಂಡಾರ. ಇತ್ತೀಚೆಗೆ ಪುಷ್ಟಿಗೊಳಿಸಿದ ಹಾಲು, ಅಡುಗೆ ಎಣ್ಣೆಗಳಿಂದ ಸ್ವಲ್ಪ ದೊರೆಯುತ್ತದೆ.

ಹಾಗಾದರೆ ಬಿಸಿಲಲ್ಲಿ ದುಡಿದ ಅಣ್ಣನವರಿಗೆ ಕೊರತೆಯೇಕೆ? ಉತ್ತರದ ಒಂದು ಭಾಗ ನಮ್ಮ ನೆರೆಯ ತಿರುಪತಿಯಿಂದ ದೊರೆಯಿತು. ಅಲ್ಲಿಯ ಅಕ್ಷಾಂಶ ನಮ್ಮದಕ್ಕಿಂತ ಬಹಳ ಭಿನ್ನವಲ್ಲ. ಅಲ್ಲಿ ಡಾ. ಹರಿನಾರಾಯಣ್ ಮತ್ತು ಸಂಗಡಿಗರು ನಡೆಸಿದ ಅಧ್ಯಯನಗಳು, ಚರ್ಮದಲ್ಲಿ ಈ ಸತ್ವ ಹೆಚ್ಚಾಗಿ ಉತ್ಪನ್ನವಾಗುವುದು ಬೆಳಿಗ್ಗೆ 11ರಿಂದ ಮಧ್ಯಾಹ್ನ 2ರವರೆಗಿನ ಬಿಸಿಲಿನಲ್ಲಿ ಎಂದು ತೋರಿಸಿದವು. ನಮ್ಮ ರೈತ ಹೊಲಕ್ಕೆ ಹೋಗುವುದು ಮುಂಜಾನೆ. ಹೊತ್ತು ನೆತ್ತಿಗೆ ಬರುವ ವೇಳೆಗೆ ಹೊಂಗೆಯ ನೆರಳನ್ನು ಸೇರುತ್ತಾನೆ. ತಲೆಗೆ ವಸ್ತ್ರ, ಮೈಗೆ ತುಂಬು ತೋಳಿನ ಅಂಗಿ. ಎಳೆಬಿಸಿಲು ಹಿತವೇ ಹೊರತು ಅದರಲ್ಲಿ ಬೇಕಾದ ಕಿರಣಗಳು ವಿರಳ. ಕಪ್ಪು ಚರ್ಮಕ್ಕೆ ಇನ್ನೂ ಹೆಚ್ಚು ಹೊತ್ತು ಬೇಕು. ವಯಸ್ಸಾದ ಚರ್ಮದ ಶಕ್ತಿಯೂ ಕುಗ್ಗಿರುತ್ತದೆ. ಕಿಟಕಿಯ ಗಾಜನ್ನು ದಾಟಿ ಆ ಕಿರಣಗಳು ಒಳಬಾರವು. ಇವೆಲ್ಲದರ ಮೇಲೆ, ಅಣ್ಣನವರು ರಕ್ತಹೀನತೆಯಿಂದ ತಿಂಗಳುಗಟ್ಟಲೆ ಮನೆಯೊಳಗೇ ಮಲಗಿದ್ದರು. ಈ ಕೊನೆಯ ಮಾತನ್ನು ಓದುಗರು ನೆನಪಿನಲ್ಲಿಡಬೇಕು. ನಾವು ಆಗ ಅದನ್ನು ಲಕ್ಷಿಸಲಿಲ್ಲ.

ಅಣ್ಣನವರ ಮಗ ಬೆಂಗಳೂರಿನಲ್ಲಿ ಕೆಲಸದಲ್ಲಿರುವಾತ. ಆತ ತಂದುಕೊಟ್ಟ ಬರಹಗಳನ್ನು ನಿಘಂಟು ಹಿಡಿದು ನಾವು ಓದಿದೆವು. 1980ರಲ್ಲಿ ಅಮೆರಿಕದ ಸೆಡ್ರಿಕ್ ಗಾರ್ಲೆಂಡ್, ಫ್ರಾಂಕ್ ಗಾರ್ಲೆಂಡ್ ಎಂಬ ಸಹೋದರರಿಬ್ಬರು ಒಂದು ಲೇಖನವನ್ನು ಪ್ರಕಟಿಸಿದರು. ಬಿಸಿಲು ಕಡಿಮೆಯಿರುವ ಈಶಾನ್ಯ ರಾಜ್ಯಗಳಲ್ಲಿ ದೊಡ್ಡ ಕರುಳಿನ ಕ್ಯಾನ್ಸರಿನ ಸಾವು ಹೆಚ್ಚು, ಬಿಸಿಲು ಹೆಚ್ಚಿರುವ ದಕ್ಷಿಣದ ಸೀಮೆಯಲ್ಲಿ ಕಡಿಮೆ ಎಂಬುದನ್ನು ಗಮನಿಸಿ, ‘ಡಿ’ ಜೀವಸತ್ವವೇ ಇದರ ಕಾರಣವಿರಬಹುದೆಂದು ಅವರು ಊಹಿಸಿದರು. ಅಣ್ಣತಮ್ಮಂದಿರು ಕೂಡಿ ಮಾಡಿದ ಕೆಲಸವೆಂಬುದೂ ನಮಗೆ ಹಿಡಿಸಿತು. 2008ರಲ್ಲಿ ಬಾಸ್ಟನ್ನಿನ ಡಾ. ಕಿಮ್ಮಿ ಇಂಗ್ ಮತ್ತು ಸಂಗಡಿಗರು ಈ ಕ್ಯಾನ್ಸರಿನ 304 ರೋಗಿಗಳ ರಕ್ತವನ್ನು ಪರಿಶೀಲಿಸಿದರು. ರೋಗ ಪತ್ತೆಯಾಗುವ ಮೊದಲೇ ತೆಗೆದಿರಿಸಿದ್ದ ರಕ್ತವದು. ‘ಡಿ’ ಅತಿ ಹೆಚ್ಚು ಇದ್ದ ಕಾಲು ಭಾಗದವರಲ್ಲಿ, ಅತಿ ಕಡಿಮೆ ಇದ್ದ ಕಾಲು ಭಾಗದವರಿಗಿಂತ ಸಾವಿನ ಸಂಭವ ಶೇ. 48ರಷ್ಟು ಕಡಿಮೆಯಿತ್ತು. 2014ರಲ್ಲಿ ಸ್ಕಾಟ್ಲೆಂಡಿನಲ್ಲಿ ಸುಮಾರು 1,600 ರೋಗಿಗಳನ್ನು ಕುರಿತು ನಡೆದ ಅಧ್ಯಯನವೂ, ಶಸ್ತ್ರಚಿಕಿತ್ಸೆಯ ನಂತರದ ರಕ್ತದಲ್ಲಿ ಈ ಸತ್ವ ಹೆಚ್ಚಿದ್ದವರು ಹೆಚ್ಚು ಕಾಲ ಬದುಕಿದರೆಂದು ತಿಳಿಸಿತು.

ಇದನ್ನು ಓದಿದಾಗ ನಮಗೆ ಆದ ಸಂತೋಷ ಅಷ್ಟಿಷ್ಟಲ್ಲ. ಕಳೆದ ಹನ್ನೊಂದು ತಿಂಗಳುಗಳನ್ನು ಮರಳಿ ಕೊಡಿಸುವ ದಾರಿಯೊಂದು ಸಿಕ್ಕಿತೆನಿಸಿತು. ಮಗನನ್ನು ಕರೆದು, “ನೋಡಪ್ಪ, ಇದು ಹೆಚ್ಚಿದಷ್ಟೂ ಆಯುಸ್ಸು ಹೆಚ್ಚಂತೆ” ಎಂದೆವು. ಇದು ನಮ್ಮ ಎರಡನೆಯ ತಪ್ಪು.

ವೈದ್ಯರು ಕೊರತೆಯನ್ನು ನೀಗಿಸಲೆಂದು 60,000 ಯೂನಿಟ್‌ನ ಪುಡಿಯ ಪೊಟ್ಟಣವನ್ನು ವಾರಕ್ಕೊಂದರಂತೆ ಎಂಟು ವಾರ ಕೊಡಲು ಬರೆದಿದ್ದರು. ನಮ್ಮ ಮಾತನ್ನು ಕೇಳಿದ ಮೇಲೆ ಮನೆಯಲ್ಲಿ ಅದು ದಿನಕ್ಕೊಂದಾಯಿತು. ನಲವತ್ತು ದಿನಗಳು ಕಳೆಯುವಷ್ಟರಲ್ಲಿ ಅಣ್ಣನವರಿಗೆ ವಿಪರೀತ ಬಾಯಾರಿಕೆ, ವಾಂತಿ, ಮಲಬದ್ಧತೆ; ಒಂದು ರಾತ್ರಿ ಅತ್ತಿಗೆಯವರ ಗುರುತೇ ಹತ್ತದಂಥ ಮಂಪರು. ರೋಗ ಮರಳಿತೆಂದೇ ಎಲ್ಲರೂ ತಿಳಿದರು. ಅತ್ತಿಗೆಯವರು ದೇವರ ಮುಂದೆ ಕುಳಿತವರು ಏಳಲಿಲ್ಲ. ಆಸ್ಪತ್ರೆಯಲ್ಲಿ ಪರೀಕ್ಷಿಸಿದಾಗ ಮರಳಿದ್ದು ಕ್ಯಾನ್ಸರ್ ಅಲ್ಲ. ರಕ್ತದಲ್ಲಿ ಕ್ಯಾಲ್ಸಿಯಂ ಅಪಾಯದ ಮಟ್ಟಕ್ಕೆ ಏರಿತ್ತು, ಮೂತ್ರಪಿಂಡಗಳು ಬಳಲಿದ್ದವು. ಈ ಸತ್ವ ಹೆಚ್ಚಾದರೆ ಮೂತ್ರದಲ್ಲಿ ಹರಿದುಹೋಗುವಂಥದ್ದಲ್ಲ, ಕೊಬ್ಬಿನಲ್ಲಿ ಸೇರಿಕೊಂಡು ಉಳಿಯುತ್ತದೆ ಎಂದು ಅಂದು ತಿಳಿಯಿತು.

“ವಾರಕ್ಕೊಂದು ಅಂತ ಬರೆದಿದ್ದೆನಲ್ಲ, ದಿನಕ್ಕೊಂದು ಅಂತ ಹೇಳಿದವರು ಯಾರು?” ಎಂದು ವೈದ್ಯರು ಕೇಳಿದರು. ಮಗ ನೆಲ ನೋಡಿದ. ನಾವು ಬಾಯಿ ತೆರೆಯುವ ಮೊದಲೇ, ಸಲೈನ್ ಹಾಕಿಸಿಕೊಂಡು ಮಲಗಿದ್ದ ಅಣ್ಣನವರು ಕ್ಷೀಣಸ್ವರದಲ್ಲಿ, “ನಾನೇ ಕೇಳಿ ಇಸ್ಕಂಡೆ, ಡಾಕ್ಟ್ರೇ. ಬೇಗ ವಾಸಿಯಾಗ್ಲಿ ಅಂತ” ಎಂದರು. ಅರುವತ್ತು ದಾಟಿದ ತಮ್ಮನನ್ನು ಅಣ್ಣ ಮತ್ತೊಮ್ಮೆ ನೆರಳಿಗೆ ಸರಿಸಿದ್ದರು. ಆ ಬಳಿಕ ಹೊರಗೆ ಬಂದು ನಾವು ವೈದ್ಯರಿಗೆ ನಿಜವನ್ನು ಹೇಳಿದೆವು. ಅವರು ಗದರಲಿಲ್ಲ. ಎರಡು ವಾರಗಳಲ್ಲಿ ಕ್ಯಾಲ್ಸಿಯಂ ಇಳಿಯಿತು. ಆದರೆ ಅಷ್ಟೂ ದಿನ ಕೀಮೋಥೆರಪಿಯನ್ನು ತಡೆಹಿಡಿಯಬೇಕಾಯಿತು. ಆಯುಸ್ಸನ್ನು ಹೆಚ್ಚಿಸಲು ಹೊರಟ ನಾವು, ಆಯುಸ್ಸನ್ನು ಕಾಯುತ್ತಿದ್ದ ಚಿಕಿತ್ಸೆಯನ್ನೇ ನಿಲ್ಲಿಸಿದ್ದೆವು.

ಆ ಎರಡು ವಾರಗಳಲ್ಲಿ ವೈದ್ಯರು ಬಿಡುವಾದಾಗ ನಮ್ಮೊಡನೆ ಮಾತನಾಡುತ್ತಿದ್ದರು. ಒಂದು ದಿನ ಅವರು ಕೇಳಿದರು: “ಸ್ವಾಮಿ, ‘ಡಿ’ ಕಡಿಮೆಯಿದ್ದುದರಿಂದ ರೋಗಿ ಕುಗ್ಗಿದನೋ, ರೋಗಿ ಕುಗ್ಗಿದ್ದರಿಂದ ‘ಡಿ’ ಕಡಿಮೆಯಾಯಿತೋ?” ಕಾಯಿಲೆಯವನು ಮನೆಯೊಳಗೆ ಮಲಗುತ್ತಾನೆ, ಬಿಸಿಲು ಕಾಣುವುದಿಲ್ಲ. ಊಟ ಸೇರುವುದಿಲ್ಲ. ದೇಹದಲ್ಲಿ ಉರಿಯೂತವಿದ್ದಾಗ, ಶಸ್ತ್ರಚಿಕಿತ್ಸೆಯಾದಾಗ ರಕ್ತದಲ್ಲಿ ಈ ಸತ್ವದ ಪ್ರಮಾಣ ತಾನಾಗಿಯೇ ಇಳಿಯುತ್ತದೆ. ಗಟ್ಟಿಮುಟ್ಟಾಗಿರುವವನು ಹೊರಗೆ ಅಡ್ಡಾಡುತ್ತಾನೆ. ಅವನಲ್ಲಿ ‘ಡಿ’ಯೂ ಹೆಚ್ಚು, ಆಯುಸ್ಸೂ ಹೆಚ್ಚು. ಎರಡೂ ಒಟ್ಟಿಗೆ ಇದ್ದಮಾತ್ರಕ್ಕೆ ಒಂದು ಮತ್ತೊಂದರ ಕಾರಣವಾಗಲಾರದು.

ಇದನ್ನು ಕೇಳಿದಾಗ ನಮಗೆ ನಾಚಿಕೆಯಾಯಿತು. ಏಕೆಂದರೆ ಇದು ನಮಗೆ ಹೊಸ ಪಾಠವಲ್ಲ. ಪಾಠಶಾಲೆಯಲ್ಲಿ ನಾವು ಅನ್ನಂಭಟ್ಟನ ತರ್ಕಸಂಗ್ರಹವನ್ನು ಅಧ್ಯಯನ ಮಾಡಿದವರು, ಮುಂದೆ ಅನೇಕ ವಟುಗಳಿಗೆ ಪಾಠ ಹೇಳಿದವರು. ಹೊಗೆಯಿದ್ದಲ್ಲಿ ಬೆಂಕಿಯಿದೆ ಎಂಬ ಅನುಮಾನ ಸರಿ. ಬೆಂಕಿಯಿದ್ದಲ್ಲೆಲ್ಲ ಹೊಗೆಯಿದೆ ಎಂಬುದು ತಪ್ಪು. ಕಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯಿದೆ, ಹೊಗೆಯಿಲ್ಲ. ಹೊಗೆ ಹುಟ್ಟಬೇಕಾದರೆ ಬೆಂಕಿಗೆ ಹಸಿ ಕಟ್ಟಿಗೆ ಕೂಡಬೇಕು. ಮರೆಯಲ್ಲಿ ನಿಂತು ನಮ್ಮ ಅನುಮಾನವನ್ನು ಕೆಡಿಸುವ ಈ ಹಸಿ ಕಟ್ಟಿಗೆಯನ್ನೇ ನೈಯಾಯಿಕರು ‘ಉಪಾಧಿ’ ಎಂದು ಕರೆದರು. ‘ಡಿ’ ಇದ್ದಲ್ಲಿ ಆಯುಸ್ಸಿದೆ ಎಂದು ನಾವು ಹೇಳಿದಾಗ, ನಡುವೆ ನಿಂತಿದ್ದ ಹಸಿ ಕಟ್ಟಿಗೆ ಯಾವುದೆಂದು ಹುಡುಕಲೇ ಇಲ್ಲ. ನಲವತ್ತು ವರ್ಷ ಉಪಾಧಿಯ ಲಕ್ಷಣವನ್ನು ಕಲಿಸಿದವರಿಗೆ ಸ್ವಂತ ಅಣ್ಣನ ವಿಷಯ ಬಂದಾಗ ಅದು ಮರೆತುಹೋಯಿತು. ಆಸೆ ಬಲವಾದಾಗ ತರ್ಕ ಹಿಂದೆ ಸರಿಯುತ್ತದೆ.

ಉಪಾಧಿಯನ್ನು ಕಳೆಯಲು ಇಂದಿನ ವೈದ್ಯಶಾಸ್ತ್ರ ಕಂಡುಕೊಂಡ ಉಪಾಯ ಬಹಳ ಸೊಗಸಾದುದು. ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪಾಗಿ ವಿಂಗಡಿಸುತ್ತಾರೆ. ಒಂದು ಗುಂಪಿಗೆ ಔಷಧ, ಮತ್ತೊಂದಕ್ಕೆ ಅದರಂತೆಯೇ ಕಾಣುವ ಬರಿಯ ಗುಳಿಗೆ ಅಥವಾ ಅಲ್ಪ ಪ್ರಮಾಣದ ಔಷಧ. ಗಟ್ಟಿಮುಟ್ಟಾದವರು, ದುರ್ಬಲರು ಎರಡು ಕಡೆಗೂ ಸಮನಾಗಿ ಹಂಚಿಹೋಗುವುದರಿಂದ, ಕೊನೆಯಲ್ಲಿ ಕಾಣುವ ವ್ಯತ್ಯಾಸ ಔಷಧದ್ದೇ ಆಗಿರುತ್ತದೆ. ಇಂಥ ಪರೀಕ್ಷೆಗಳು ‘ಡಿ’ ಜೀವಸತ್ವಕ್ಕೂ ನಡೆದಿವೆ. 2019ರಲ್ಲಿ ಅದೇ ಡಾ. ಇಂಗ್ ಅವರು, ರೋಗ ಬೇರೆ ಅಂಗಗಳಿಗೆ ಹಬ್ಬಿದ್ದ 139 ಜನರ ಪರೀಕ್ಷೆಯ ಫಲವನ್ನು ಪ್ರಕಟಿಸಿದರು. ಕೀಮೋಥೆರಪಿಯೊಡನೆ ಒಂದು ಗುಂಪಿಗೆ ದಿನಕ್ಕೆ 4,000 ಯೂನಿಟ್, ಮೊದಲ ಎರಡು ವಾರ 8,000. ಇನ್ನೊಂದಕ್ಕೆ 400 ಮಾತ್ರ. ರೋಗ ಉಲ್ಬಣಿಸದೆ ನಿಂತ ಅವಧಿ ಹೆಚ್ಚು ಪಡೆದವರಲ್ಲಿ 13 ತಿಂಗಳು, ಕಡಿಮೆ ಪಡೆದವರಲ್ಲಿ 11. ಆಸೆ ಹುಟ್ಟಿಸುವ ಅಂತರವಾದರೂ ಆಕಸ್ಮಿಕವಲ್ಲವೆಂದು ಖಚಿತವಾಗಿ ಹೇಳುವಷ್ಟು ದೊಡ್ಡದಲ್ಲ. ಅದೇ ವರ್ಷ ಜಪಾನಿನಲ್ಲಿ ಜೀರ್ಣಾಂಗಗಳ ಕ್ಯಾನ್ಸರಿಗೆ ಶಸ್ತ್ರಚಿಕಿತ್ಸೆಯಾದ 417 ಜನರಲ್ಲಿ ದಿನಕ್ಕೆ 2,000 ಯೂನಿಟ್ ಕೊಟ್ಟು ನೋಡಿದರು. ಐದು ವರ್ಷ ರೋಗ ಮರಳದೆ ಬದುಕಿದವರು ಔಷಧ ಪಡೆದವರಲ್ಲಿ ಶೇ. 77, ಪಡೆಯದವರಲ್ಲಿ ಶೇ. 69. ಇಲ್ಲಿಯೂ ಅದೇ ಅನಿಶ್ಚಯ. ಅಮೆರಿಕದಲ್ಲಿ 25 ಸಾವಿರಕ್ಕೂ ಹೆಚ್ಚು ಆರೋಗ್ಯವಂತರಿಗೆ ಇದನ್ನು ಕೊಟ್ಟು ನೋಡಿದ ಪರೀಕ್ಷೆಯಲ್ಲಿ ಕ್ಯಾನ್ಸರ್ ಬರುವುದು ತಪ್ಪಲಿಲ್ಲ. ಡಾ. ಇಂಗ್ ಅವರೇ ಮುಂದಾಗಿ ನಡೆಸಿದ ಇನ್ನೂ ದೊಡ್ಡ ಪರೀಕ್ಷೆಯ ಫಲ 2025ರಲ್ಲಿ ಹೊರಬಂದಾಗ, ಹೆಚ್ಚಿನ ಪ್ರಮಾಣದ ‘ಡಿ’ ರೋಗದ ಮುನ್ನಡೆಯನ್ನು ತಡೆಯಲಿಲ್ಲವೆಂದು ತಿಳಿಯಿತು. ಹದಿನೇಳು ವರ್ಷ ಒಂದು ಆಸೆಯನ್ನು ಪೋಷಿಸಿ, ಅದನ್ನು ತಾವೇ ಒರೆಗೆ ಹಚ್ಚಿ, ಬಂದ ಫಲವನ್ನು ಮುಚ್ಚಿಡದೆ ಹೇಳಿದ ಆ ವೈದ್ಯರಿಗೆ ನಾವು ಮನದಲ್ಲಿಯೇ ಕೈಮುಗಿದೆವು. ವಿದ್ವತ್ತು ಎಂದರೆ ಅದು.

ಆದರೆ 2025ರಲ್ಲಿಯೇ ಮತ್ತೊಂದು ಪರೀಕ್ಷೆಯ ಫಲವೂ ಬಂದಿತು. ಅದರ ಅರ್ಥವನ್ನು ಅಣ್ಣನವರ ವೈದ್ಯರು ನಮಗೆ ಹೇಳುವಾಗ ಅವರ ಮುಖ ಅರಳಿತ್ತು. ಮುಖ್ಯವಾಗಿ ಕೆನಡಾ, ಆಸ್ಟ್ರೇಲಿಯಾಗಳಲ್ಲಿ, ದೊಡ್ಡ ಕರುಳಿನ ಕ್ಯಾನ್ಸರಿಗೆ ಶಸ್ತ್ರಚಿಕಿತ್ಸೆ, ಕೀಮೋಥೆರಪಿ ಮುಗಿಸಿದ 889 ಜನರನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಆರೋಗ್ಯದ ತಿಳಿವಳಿಕೆಯ ಪುಸ್ತಕಗಳನ್ನು ಕೊಟ್ಟರು. ಮತ್ತೊಂದು ಗುಂಪಿನವರಿಗೆ ಮೂರು ವರ್ಷ ಮಾರ್ಗದರ್ಶಕರನ್ನು ನೇಮಿಸಿ ನಿಯಮಿತ ವ್ಯಾಯಾಮ ಮಾಡಿಸಿದರು. ಬಹುಮಂದಿಗೆ ಅದು ಬಿರುಸಿನ ನಡಿಗೆಯೇ. ಎಂಟು ವರ್ಷಗಳ ಕೊನೆಗೆ ಬದುಕಿದ್ದವರು ವ್ಯಾಯಾಮ ಮಾಡಿದವರಲ್ಲಿ ಶೇ. 90, ಪುಸ್ತಕ ಮಾತ್ರ ಪಡೆದವರಲ್ಲಿ ಶೇ. 83. ಈ ಅಂತರ ಸಂದೇಹಕ್ಕೆ ಎಡೆಗೊಡದಂಥದ್ದು. ಬಿಸಿಲಿನಲ್ಲಿ ಅಡ್ಡಾಡುವವನು ಹೆಚ್ಚು ಬದುಕುತ್ತಾನೆಂಬುದು ಸುಳ್ಳಲ್ಲ. ಆದರೆ ಅವನನ್ನು ಕಾಯ್ದದ್ದು ಬಿಸಿಲಿಗಿಂತ ಹೆಚ್ಚಾಗಿ ಅಡ್ಡಾಟವೇ ಇದ್ದೀತು. ನಾವು ಹುಡುಕದೆ ಬಿಟ್ಟಿದ್ದ ಹಸಿ ಕಟ್ಟಿಗೆಗಳಲ್ಲಿ ಒಂದು ಅದು. ಪುಸ್ತಕ ಹಿಡಿದು ಕುಳಿತವರ ಗುಂಪಿಗೆ ಸೇರಿದ ನಮಗೆ ಈ ಫಲದಲ್ಲಿ ಬೇರೊಂದು ಪಾಠವೂ ಕಂಡಿತು.

ಹಾಗೆಂದು ಕೊರತೆಯನ್ನು ಉಪೇಕ್ಷಿಸಬಾರದು. ರಕ್ತದಲ್ಲಿ ‘ಡಿ’ ಕಡಿಮೆಯಿದ್ದರೆ ಮೂಳೆ, ಸ್ನಾಯುಗಳಿಗಾಗಿಯಾದರೂ ಸರಿಪಡಿಸಿಕೊಳ್ಳಬೇಕು. ವೈದ್ಯರು ವಾರಕ್ಕೊಂದು ಎಂದರೆ ವಾರಕ್ಕೊಂದೇ. ಅವರ ಸಲಹೆಯಿಲ್ಲದೆ ದಿನಕ್ಕೆ 4,000 ಯೂನಿಟ್‌ಗಿಂತ ಹೆಚ್ಚು ತೆಗೆದುಕೊಳ್ಳುವುದು ಸಲ್ಲದು. ಕ್ಯಾನ್ಸರಿನ ಚಿಕಿತ್ಸೆಗೆ ಇದು ಪರ್ಯಾಯವಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಮಲದಲ್ಲಿ ರಕ್ತ, ತಿಂಗಳಿಗೂ ಮೀರಿ ಬದಲಾದ ಮಲವಿಸರ್ಜನೆಯ ಕ್ರಮ, ಕಾರಣವಿಲ್ಲದ ರಕ್ತಹೀನತೆ, ತೂಕ ಇಳಿಯುವುದು, ಇವುಗಳಲ್ಲಿ ಯಾವುದು ಕಂಡರೂ ಮೂಲವ್ಯಾಧಿಯೆಂದು ಮನೆಯಲ್ಲಿಯೇ ತೀರ್ಮಾನಿಸಬೇಡಿ. ನಮ್ಮ ಹೆಣ್ಣುಮಕ್ಕಳು ಸಂಕೋಚದಿಂದ ಇಂಥದನ್ನು ಇನ್ನೂ ಹೆಚ್ಚು ಮುಚ್ಚಿಡುತ್ತಾರೆ. ಮನೆಯ ಹಿರಿಯರು ತಾವಾಗಿಯೇ ಕೇಳಬೇಕು. ನಿಮ್ಮ ಮನೆಯಲ್ಲಿಯೂ ಓದಿದವರೊಬ್ಬರು ಕಷಾಯವನ್ನು ಸೂಚಿಸಬಹುದು. ಅವರಿಗೆ ನಮ್ಮ ಈ ಬರಹವನ್ನು ತೋರಿಸಿರಿ.

ಅಣ್ಣನವರು ಚಿಕಿತ್ಸೆಯನ್ನು ಪೂರ್ಣಗೊಳಿಸಿದರು. ಮೂರು ವರ್ಷ ಕಳೆದಿದೆ; ಆರು ತಿಂಗಳಿಗೊಮ್ಮೆ ತಪಾಸಣೆಗೆ ಹೋಗಿ ಬರುತ್ತಾರೆ. ಇದುವರೆಗೆ ರೋಗ ಮರಳಿಲ್ಲ. ಮುಂದೇನೆಂದು ಹೇಳಲು ನಾವು ಯಾರು? ಕಳೆದ ತಿಂಗಳು ಊರಿಗೆ ಹೋದಾಗ ಹೊತ್ತು ಹನ್ನೊಂದಾಗಿತ್ತು. ಅಣ್ಣನವರು ಅಂಗಿ ಕಳಚಿ ಹೆಗಲಿಗೆ ಹಾಕಿಕೊಂಡು ಗದ್ದೆಯ ಬದುವಿನ ಮೇಲೆ ಬಿರಬಿರನೆ ನಡೆಯುತ್ತಿದ್ದರು. ನಮ್ಮನ್ನು ಕಂಡು, “ಬಾರಪ್ಪ, ಎಷ್ಟ್ ದಿನ ನೆಳ್ಳಲ್ಲೇ ಕುಂತಿದ್ದೀಯೆ, ನೀನೂ ನಾಕ್ ಹೆಜ್ಜೆ ಹಾಕು” ಎಂದು ಕರೆದರು.

ನಾವು ಚಪ್ಪಲಿಯನ್ನು ಹೊಂಗೆಯ ಬುಡದಲ್ಲಿ ಬಿಟ್ಟು ಅವರ ಹಿಂದೆ ನಡೆದೆವು.